ಮ್ಯಾಗ್ನೆಟಿಕ್ ಹಿಲ್ ಸುಳ್ಳು, ಕಲ್ಲಿನ ಕಾಂತಗುಣ ನಿಜ: ಪರ್ವತ ಹುಟ್ಟಿದ ಬಗೆಯನ್ನು ಬಂಡೆಯಿಂದ ಓದುವುದು ಹೇಗೆ?

ಲಡಾಖಿಗೆ ಹೋಗಿಬಂದವರ ಮೊಬೈಲಿನಲ್ಲಿ ಒಂದು ವಿಡಿಯೊ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಲೇಹ್‌ನಿಂದ ಕಾರ್ಗಿಲ್ ಕಡೆಗೆ ಸುಮಾರು 30 ಕಿಲೋಮೀಟರ್ ದೂರದಲ್ಲಿ 'ಮ್ಯಾಗ್ನೆಟಿಕ್ ಹಿಲ್' ಎಂಬ ಬೋರ್ಡು ಹಾಕಿರುವ ಜಾಗವಿದೆ. ಅಲ್ಲಿ ಕಾರು ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು ಬ್ರೇಕಿನಿಂದ ಕಾಲು ತೆಗೆದರೆ, ಕಾರು ತಾನಾಗಿಯೇ ಏರು ಹತ್ತಿದಂತೆ ಕಾಣುತ್ತದೆ. ಬೆಟ್ಟದೊಳಗೆ ದೊಡ್ಡ ಅಯಸ್ಕಾಂತವಿದೆ, ಅದು ಕಾರನ್ನು ಎಳೆಯುತ್ತದೆ ಎಂಬ ವಿವರಣೆ ವಿಡಿಯೊದ ಜೊತೆಗೇ ಬರುತ್ತದೆ.

ಇದು ಕಣ್ಣಿನ ಮೋಸ. ಸುತ್ತಲಿನ ಬೆಟ್ಟಗಳ ಇಳಿಜಾರು ನಿಜವಾದ ದಿಗಂತವನ್ನು ಮರೆಮಾಡುವುದರಿಂದ, ಸ್ವಲ್ಪ ಇಳಿಜಾರಾಗಿರುವ ರಸ್ತೆ ಏರಿನಂತೆ ತೋರುತ್ತದೆ. ಪರೀಕ್ಷೆ ಬೇಕಿದ್ದರೆ ಅದೇ ಜಾಗದಲ್ಲಿ ಒಂದು ರಬ್ಬರ್ ಚೆಂಡು ಬಿಡಿ, ಇಲ್ಲವೇ ಒಂದು ಬಾಟಲಿ ನೀರು ಸುರಿಯಿರಿ. ಅವೂ ಕಾರು ಹೋದ ಕಡೆಗೇ ಹೋಗುತ್ತವೆ. ರಬ್ಬರನ್ನೂ ನೀರನ್ನೂ ಯಾವ ಅಯಸ್ಕಾಂತವೂ ಹೀಗೆ ಎಳೆಯುವುದಿಲ್ಲ. ಟನ್ನಿನಷ್ಟು ತೂಕದ ಕಾರನ್ನು ಎಳೆಯುವ ಶಕ್ತಿ ಆ ಬೆಟ್ಟಕ್ಕಿದ್ದಿದ್ದರೆ, ನಮ್ಮ ಜೇಬಿನ ಬೀಗದ ಕೈ ಕಾರಿಗಿಂತ ಮೊದಲು ಅಲ್ಲಿಗೆ ಹಾರಬೇಕಿತ್ತು.

ಹಾಗಂತ ಹಿಮಾಲಯದ ಕಲ್ಲುಗಳಿಗೆ ಕಾಂತಗುಣವೇ ಇಲ್ಲ ಎನ್ನುವಂತಿಲ್ಲ. ಇದೆ, ಆದರೆ ಅದು ಬಹಳ ಬಹಳ ದುರ್ಬಲ. ಒಂದು ಗುಂಡುಸೂಜಿಯನ್ನು ಕದಲಿಸುವಷ್ಟೂ ಬಲ ಹೆಚ್ಚಿನ ಕಲ್ಲುಗಳಲ್ಲಿ ಇರುವುದಿಲ್ಲ. ಆ ದುರ್ಬಲ ಗುಣವನ್ನು ಸೂಕ್ಷ್ಮವಾಗಿ ಅಳೆದರೆ, ಪರ್ವತ ಎದ್ದಾಗ ಈ ಕಲ್ಲನ್ನು ಯಾವ ದಿಕ್ಕಿನಿಂದ ಹಿಂಡಲಾಯಿತು, ಯಾವ ಕಡೆಗೆ ಅದು ಹಿಗ್ಗಿತು ಎಂಬುದರ ಸುಳಿವು ಸಿಗುತ್ತದೆ. ಆದರೆ ಆ ಸುಳಿವನ್ನು ತಪ್ಪಾಗಿ ಓದುವುದೂ ಸುಲಭ. ಅದು ಹೇಗೆ ಎಂಬುದೇ ಈ ಲೇಖನದ ಮುಖ್ಯ ಭಾಗ.

ಗುರುತೇ ಇಲ್ಲದ ಕಲ್ಲು

ಪರ್ವತ ಹುಟ್ಟುವುದೆಂದರೆ ಭೂಮಿಯ ಹೊರಪದರದ ತುಂಡುಗಳು ಒಂದಕ್ಕೊಂದು ಗುದ್ದಿ, ನಡುವಿನ ಬಂಡೆಗಳು ಮಡಿಚಿ, ಮುರಿದು, ಒಂದರ ಮೇಲೊಂದು ಏರಿ ಕೂರುವುದು. ಭಾರತದ ಭೂಫಲಕ ಏಷ್ಯಾಕ್ಕೆ ಗುದ್ದಿ ಸುಮಾರು ಐದು ಕೋಟಿ ವರ್ಷಗಳಾದವು. ಇಂದಿಗೂ ಅದು ವರ್ಷಕ್ಕೆ ನಾಲ್ಕೈದು ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಿದೆ. ಅದರಲ್ಲಿ ಸುಮಾರು ಎರಡು ಸೆಂಟಿಮೀಟರನ್ನು ಹಿಮಾಲಯವೇ ನುಂಗಿಕೊಳ್ಳುತ್ತದೆ. ಹೀಗೆ ಒತ್ತಿಸಿಕೊಂಡ ಬಂಡೆ ತನ್ನ ಮೂಲ ಆಕಾರವನ್ನು ಕಳೆದುಕೊಳ್ಳುತ್ತದೆ. ಭೂವಿಜ್ಞಾನಿಗಳು ಇದನ್ನು ವಿರೂಪಣೆ ಎನ್ನುತ್ತಾರೆ.

ವಿರೂಪಣೆಯನ್ನು ಅಳೆಯಬೇಕಾದರೆ ಮೊದಲಿನ ಆಕಾರ ಗೊತ್ತಿರಬೇಕು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಸಿಗುವ ನೇರಳೆ ಬಣ್ಣದ ಸ್ಲೇಟುಕಲ್ಲಿನಲ್ಲಿ ಹಸಿರು ಚುಕ್ಕೆಗಳಿವೆ. ಒತ್ತಡಕ್ಕೆ ಮೊದಲು ಇವು ಹೆಚ್ಚುಕಡಿಮೆ ದುಂಡಗಿದ್ದವು, ಈಗ ಚಪ್ಪಟೆಯಾದ ಮೊಟ್ಟೆಯಂತಿವೆ. ಎಷ್ಟು ಚಪ್ಪಟೆಯಾಗಿವೆ ಎಂದು ಅಳೆದರೆ ಕಲ್ಲನ್ನು ಎಷ್ಟು ಹಿಂಡಲಾಗಿದೆ ಎಂದು ತಿಳಿಯುತ್ತದೆ. ಹಿಗ್ಗಿದ ಪಳೆಯುಳಿಕೆಗಳು, ನಸುಕಿದ ಬೆಣಚುಕಲ್ಲಿನ ಉಂಡೆಗಳು ಸಿಕ್ಕರೂ ಇದೇ ಕೆಲಸ ಮಾಡಬಹುದು.

ಆದರೆ ಜಗತ್ತಿನ ಬಹುಪಾಲು ಬಂಡೆಗಳಲ್ಲಿ ಇಂಥ ಅನುಕೂಲ ಇರುವುದಿಲ್ಲ. ಮೈಯೆಲ್ಲ ಒಂದೇ ತೆರನಾದ ಗ್ರಾನೈಟನ್ನು ನೋಡಿ. ಬೂದುಬಣ್ಣದ ಜೇಡಿಪದರವನ್ನು ನೋಡಿ. ಚುಕ್ಕೆಯಿಲ್ಲ, ಚಿಪ್ಪಿಲ್ಲ, ಗೆರೆಯಿಲ್ಲ. ಭೂತಗನ್ನಡಿ ಹಿಡಿದರೂ ಕಣ್ಣಿಗೆ ಏನೂ ದಕ್ಕುವುದಿಲ್ಲ. ಕಾಂತಗುಣದ ಅಳತೆ ಬೇಕಾಗುವುದು ಇಲ್ಲಿ.

ನಿಪ್ಪಟ್ಟು ಮತ್ತು ಚಕ್ಕುಲಿ

ಅಡುಗೆಮನೆಯಿಂದಲೇ ಶುರುಮಾಡೋಣ. ಜೀರಿಗೆ ಹಾಕಿ ಕಲಸಿದ ಹಿಟ್ಟಿನ ಉಂಡೆಯೊಳಗೆ ಜೀರಿಗೆ ಕಾಳುಗಳು ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ಆ ಉಂಡೆಯನ್ನು ನಿಪ್ಪಟ್ಟಿನಂತೆ ತಟ್ಟಿದರೆ ಕಾಳುಗಳೆಲ್ಲ ಚಪ್ಪಟೆಯಾಗಿ ಮಲಗುತ್ತವೆ, ಆದರೆ ಮಲಗಿದ ಮೇಲೆ ಯಾವ ಕಡೆಗೆ ಮುಖ ಮಾಡಿವೆ ಎಂಬುದಕ್ಕೆ ನಿಯಮವಿಲ್ಲ. ಅದೇ ಹಿಟ್ಟನ್ನು ಚಕ್ಕುಲಿ ಒರಳಿಗೆ ಹಾಕಿ ಒತ್ತಿದರೆ ಕಾಳುಗಳು ಹಿಟ್ಟು ಹರಿದ ದಿಕ್ಕಿಗೇ ಸಾಲಾಗಿ ನಿಲ್ಲುತ್ತವೆ. ಹಿಟ್ಟನ್ನು ತಟ್ಟಿದರೋ ಒತ್ತಿದರೋ ಎಂದು ತಿಳಿಯಲು ಹಿಟ್ಟನ್ನೇ ನೋಡಬೇಕೆಂದಿಲ್ಲ, ಕಾಳುಗಳ ಜೋಡಣೆ ನೋಡಿದರೆ ಸಾಕು.

ಕಲ್ಲಿನಲ್ಲಿ ಜೀರಿಗೆಯ ಪಾತ್ರ ವಹಿಸುವುದು ಖನಿಜದ ಸಣ್ಣ ಕಣಗಳು. ಕಬ್ಬಿಣದ ಆಕ್ಸೈಡ್ ಆದ ಮ್ಯಾಗ್ನಟೈಟ್, ಹಾಳೆಹಾಳೆಯಾಗಿ ಏಳುವ ಕಪ್ಪು ಅಭ್ರಕ, ಜೇಡಿಮಣ್ಣಿನ ಖನಿಜಗಳು, ಹೀಗೆ. ಇವು ಎಷ್ಟು ಚಿಕ್ಕವೆಂದರೆ ಒಂದೊಂದನ್ನೂ ಕಣ್ಣಿನಿಂದ ಎಣಿಸುವುದು ಆಗದ ಮಾತು. ಅದರ ಬದಲು, ಕಲ್ಲಿನ ತುಂಡನ್ನು ದುರ್ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟು ಅದು ಎಷ್ಟು ಸ್ಪಂದಿಸುತ್ತದೆ ಎಂದು ನೋಡುತ್ತಾರೆ. ಈ ಸ್ಪಂದನೆಗೆ ಮ್ಯಾಗ್ನೆಟಿಕ್ ಸಸೆಪ್ಟಿಬಿಲಿಟಿ ಎಂದು ಹೆಸರು. ನಾವು ಇಲ್ಲಿ ಕಾಂತಸ್ಪಂದನೆ ಎಂದು ಕರೆಯೋಣ.

ಮುಖ್ಯ ಸಂಗತಿ ಏನೆಂದರೆ, ಈ ಸ್ಪಂದನೆ ಎಲ್ಲ ದಿಕ್ಕಿನಲ್ಲೂ ಒಂದೇ ಇರುವುದಿಲ್ಲ. ಉದ್ದನೆಯ ಮ್ಯಾಗ್ನಟೈಟ್ ಕಣ ತನ್ನ ಉದ್ದದ ಕಡೆಗೆ ಸುಲಭವಾಗಿ ಕಾಂತವಾಗುತ್ತದೆ, ಅಡ್ಡಕ್ಕೆ ಕಷ್ಟದಿಂದ. ಅಭ್ರಕದ ಹಾಳೆ ತನ್ನ ಮೈಯ ಉದ್ದಗಲಕ್ಕೆ ಹೆಚ್ಚು, ದಪ್ಪದ ಕಡೆಗೆ ಕಡಿಮೆ ಸ್ಪಂದಿಸುತ್ತದೆ. ಕಣಗಳೆಲ್ಲ ಅಡ್ಡಾದಿಡ್ಡಿ ಬಿದ್ದಿದ್ದರೆ ಒಟ್ಟು ಕಲ್ಲಿನಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಸಾಲಾಗಿ ನಿಂತಿದ್ದರೆ ಉಳಿಯುತ್ತದೆ. ಹೀಗೆ ಸ್ಪಂದನೆ ಗರಿಷ್ಠವಾಗಿರುವ, ಮಧ್ಯಮವಾಗಿರುವ, ಕನಿಷ್ಠವಾಗಿರುವ ಮೂರು ದಿಕ್ಕುಗಳನ್ನು ಕಂಡುಹಿಡಿಯುವ ವಿಧಾನವನ್ನು ಸಂಶೋಧಕರು ಚುಟುಕಾಗಿ ಎಎಂಎಸ್ ಎನ್ನುತ್ತಾರೆ. ಕನಿಷ್ಠ ದಿಕ್ಕೊಂದೇ ಎದ್ದು ಕಂಡರೆ ಅದು ನಿಪ್ಪಟ್ಟಿನ ಜಾತಿ, ಗರಿಷ್ಠ ದಿಕ್ಕು ಎದ್ದು ಕಂಡರೆ ಚಕ್ಕುಲಿಯ ಜಾತಿ.

ಇಲ್ಲಿ ಒಂದು ಗೊಂದಲ ಪರಿಹರಿಸಿಕೊಳ್ಳಬೇಕು. ಕಲ್ಲಿನ ಕಾಂತಗುಣ ಎಂದೊಡನೆ ಶಾಲೆಯಲ್ಲಿ ಓದಿದ ಖಂಡಗಳ ಅಲೆತ ನೆನಪಾಗಬಹುದು. ಲಾವಾ ಆರುವಾಗ ಅಂದಿನ ಭೂಕಾಂತಕ್ಷೇತ್ರದ ದಿಕ್ಕು ಅದರಲ್ಲಿ ಅಚ್ಚಾಗಿ ಉಳಿಯುತ್ತದೆ, ಅದರಿಂದ ಭಾರತ ಒಮ್ಮೆ ಸಮಭಾಜಕದ ದಕ್ಷಿಣಕ್ಕಿತ್ತು ಎಂದು ತಿಳಿಯಿತು. ಅದು ಬೇರೆ ವಿಷಯ. ಅಲ್ಲಿ ಅಳೆಯುವುದು ಕಲ್ಲು ಹೊತ್ತುಕೊಂಡಿರುವ ಹಳೆಯ ಕಾಂತತ್ವವನ್ನು. ಇಲ್ಲಿ ಅಳೆಯುವುದು ನಾವು ಈಗ ಕಾಂತಕ್ಷೇತ್ರ ಒಡ್ಡಿದಾಗ ಕಲ್ಲು ತೋರುವ ಪ್ರತಿಕ್ರಿಯೆಯನ್ನು. ಕ್ಷೇತ್ರ ತೆಗೆದರೆ ಆ ಪ್ರತಿಕ್ರಿಯೆಯೂ ಹೋಗುತ್ತದೆ. ಅಲ್ಲಿ ಕಲ್ಲು ಎಲ್ಲಿತ್ತು ಎಂದು ತಿಳಿಯುತ್ತದೆ, ಇಲ್ಲಿ ಅದಕ್ಕೆ ಏನಾಯಿತು ಎಂದು.

ಕ್ವಾರ್ಟ್ಜ್ ದಾರಕ್ಕೆ ನೇತುಹಾಕಿದ ಹರಳು

ಹರಳುಗಳ ಕಾಂತಸ್ಪಂದನೆ ದಿಕ್ಕಿನಿಂದ ದಿಕ್ಕಿಗೆ ಬದಲಾಗುವುದನ್ನು ನಿಖರವಾಗಿ ಅಳೆದವರಲ್ಲಿ ನಮ್ಮವರೊಬ್ಬರು ಪ್ರಮುಖರು. ಸಿ.ವಿ. ರಾಮನ್ ಅವರ ಜೊತೆ 1928ರ ಶೋಧದಲ್ಲಿ ಭಾಗಿಯಾಗಿದ್ದ ಕೆ.ಎಸ್. ಕೃಷ್ಣನ್, 1930ರ ದಶಕದಲ್ಲಿ ಢಾಕಾ ಮತ್ತು ಕಲ್ಕತ್ತಾಗಳಲ್ಲಿ ಈ ಕೆಲಸ ಮಾಡಿದರು. ಕೂದಲಿಗಿಂತ ತೆಳುವಾದ ಕ್ವಾರ್ಟ್ಜ್ ಎಳೆಗೆ ಹರಳನ್ನು ನೇತುಹಾಕಿ, ಕಾಂತಕ್ಷೇತ್ರದಲ್ಲಿ ಅದು ಎಷ್ಟು ತಿರುಚಿಕೊಳ್ಳುತ್ತದೆ ಎಂದು ನೋಡುವ ಸರಳ ಉಪಾಯ ಅವರದು. ಅವರ ಗುರಿ ಬಂಡೆಯಲ್ಲ, ಹರಳಿನೊಳಗಿನ ಅಣುಗಳ ಜೋಡಣೆ. ಆದರೂ ಭಾರತೀಯ ಭೂಕಾಂತತ್ವ ಸಂಸ್ಥೆ ಪ್ರಯಾಗರಾಜದಲ್ಲಿ ನಡೆಸುವ ಪ್ರಯೋಗಾಲಯಕ್ಕೆ ಕೃಷ್ಣನ್ ಅವರ ಹೆಸರಿದೆ ಎಂಬುದು ನಮಗೆ ಬಹಳ ಒಪ್ಪುವ ಸಂಗತಿ.

ಬಂಡೆಯ ವಿಷಯಕ್ಕೆ ಬಂದರೆ, 1942ರಲ್ಲಿ ಸ್ವೀಡನ್ನಿನ ಗುಸ್ತಾಫ್ ಈಸಿಂಗ್ ಕೆರೆಯ ತಳದಲ್ಲಿ ಪದರಪದರವಾಗಿ ಕೂತ ಜೇಡಿಮಣ್ಣಿನಲ್ಲಿ, ಪದರದ ಉದ್ದಕ್ಕೆ ಕಾಂತಸ್ಪಂದನೆ ಹೆಚ್ಚು, ಲಂಬಕ್ಕೆ ಕಡಿಮೆ ಎಂದು ತೋರಿಸಿದರು. 1954ರಲ್ಲಿ ಅಮೆರಿಕದ ಜಾನ್ ಗ್ರಹಾಂ ಒಂದು ಚಿಕ್ಕ ಬರಹದಲ್ಲಿ, ಬಂಡೆಯ ಒಳರಚನೆ ತಿಳಿಯಲು ಇದೊಂದು ಯಾರೂ ಬಳಸಿಕೊಳ್ಳದ ಸಾಧನ ಎಂದು ಗಮನ ಸೆಳೆದರು. ಬಳಕೆ ವ್ಯಾಪಕವಾಗಲು ಮಾತ್ರ ಒಳ್ಳೆಯ ಉಪಕರಣಗಳು ಬರುವವರೆಗೆ ಕಾಯಬೇಕಾಯಿತು.

ಅಳೆಯುವ ಕೆಲಸ ಶುರುವಾಗುವುದು ಬೆಟ್ಟದಲ್ಲಿ. ಪೆಟ್ರೋಲಿನಿಂದ ಓಡುವ, ಕೈಯಲ್ಲಿ ಹಿಡಿಯುವ ಡ್ರಿಲ್ಲಿಗೆ ವಜ್ರದ ಚೂರು ಕೂರಿಸಿದ ಕೊಳವೆ ಹಾಕಿ, ನೀರು ಬಿಡುತ್ತ ಎರಡೂವರೆ ಸೆಂಟಿಮೀಟರ್ ದಪ್ಪದ ಕಂಬದಂಥ ತುಂಡನ್ನು ತೆಗೆಯುತ್ತಾರೆ. ಅದನ್ನು ಮುರಿದು ತೆಗೆಯುವ ಮೊದಲೇ, ಬಂಡೆಯಲ್ಲಿ ಅದು ಯಾವ ದಿಕ್ಕಿಗೆ ಎಷ್ಟು ಓರೆಯಾಗಿತ್ತು ಎಂದು ದಿಕ್ಸೂಚಿಯಿಂದ ನೋಡಿ ಗುರುತು ಹಾಕಬೇಕು. ದಿಕ್ಕು ಬರೆಯದ ತುಂಡು ವಿಳಾಸವಿಲ್ಲದ ಕಾಗದದಂತೆ, ಎಷ್ಟು ಚೆನ್ನಾಗಿ ಅಳೆದರೂ ಪ್ರಯೋಜನವಿಲ್ಲ. ಬಂಡೆಯೇ ದಿಕ್ಸೂಚಿಯ ಮುಳ್ಳನ್ನು ಎಳೆಯುವಷ್ಟು ಕಾಂತೀಯವಾಗಿದ್ದರೆ ಸೂರ್ಯನ ನೆರಳು ನೋಡಿ ದಿಕ್ಕು ಹಿಡಿಯುತ್ತಾರೆ.

ನಂತರ ಪ್ರಯೋಗಾಲಯದಲ್ಲಿ ಈ ತುಂಡನ್ನು ಎರಡು ಸೆಂಟಿಮೀಟರಿಗಿಂತ ತುಸು ಉದ್ದದ ಬಿಲ್ಲೆಗಳಾಗಿ ಕತ್ತರಿಸಿ, ತಂತಿಸುರುಳಿಯೊಳಗೆ ತಿರುಗಿಸುತ್ತ ಅಳೆಯುತ್ತಾರೆ. ಜಗತ್ತಿನ ಬಹಳಷ್ಟು ಪ್ರಯೋಗಾಲಯಗಳಲ್ಲಿ ಇರುವುದು ಚೆಕ್ ದೇಶದ ಬ್ರನೋ ನಗರದಲ್ಲಿ ತಯಾರಾಗುವ ಕಪ್ಪಾಬ್ರಿಡ್ಜ್ ಎಂಬ ಉಪಕರಣ. ಒಂದು ಬಿಲ್ಲೆಗೆ ಕೆಲವೇ ನಿಮಿಷ ಸಾಕು, ಕಲ್ಲಿಗೆ ಯಾವ ಹಾನಿಯೂ ಇಲ್ಲ. ಕಲ್ಲಿಗೆ ಒಡ್ಡುವ ಕಾಂತಕ್ಷೇತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟಿನದಕ್ಕಿಂತ ಬಹಳ ಕಡಿಮೆ. ಅಷ್ಟಕ್ಕೇ ಶೇಕಡಾ ಒಂದರಷ್ಟು ವ್ಯತ್ಯಾಸವೂ ಸ್ಪಷ್ಟವಾಗಿ ಸಿಗುತ್ತದೆ. ಹೆಚ್ಚು ಒತ್ತಡಕ್ಕೆ ಸಿಗದ ಜೇಡಿಕಲ್ಲಿನಲ್ಲಿ ಗರಿಷ್ಠ ಮತ್ತು ಕನಿಷ್ಠಗಳ ನಡುವೆ ಇರುವುದೂ ಕೆಲವೇ ಶೇಕಡಾ ಅಂತರ.

ಮಡಿಕೆ ಏಳುವ ಮೊದಲೇ

ನಮಗೆ ಈ ವಿಧಾನದ ಅತ್ಯಂತ ಸೊಗಸಾದ ಫಲಿತಾಂಶ ಅನ್ನಿಸುವುದು ಜೇಡಿಕಲ್ಲುಗಳದ್ದು. ನೀರಿನ ತಳದಲ್ಲಿ ಮಣ್ಣು ಕೂತಾಗ ಅದರ ಹಾಳೆಯಂಥ ಕಣಗಳು ಚೆಲ್ಲಿದ ಇಸ್ಪೀಟೆಲೆಗಳ ಹಾಗೆ ಚಪ್ಪಟೆಯಾಗಿ ಮಲಗುತ್ತವೆ. ಆಗ ಕನಿಷ್ಠ ಸ್ಪಂದನೆಯ ದಿಕ್ಕು ಪದರಕ್ಕೆ ನೆಟ್ಟಗೆ ಇರುತ್ತದೆ. ಇನ್ನು ಆ ಪದರವನ್ನು ಎರಡು ಪಕ್ಕದಿಂದ ಮೆಲ್ಲಗೆ ಒತ್ತಿ. ಕೆಲವು ಎಲೆಗಳು ಈ ಕಡೆಗೆ ಓರೆಯಾಗುತ್ತವೆ, ಕೆಲವು ಆ ಕಡೆಗೆ. ಆದರೆ ಎಲ್ಲ ಎಲೆಗಳಿಗೂ ಸಾಮಾನ್ಯವಾಗಿ ಉಳಿಯುವ ಒಂದು ದಿಕ್ಕಿದೆ: ಒತ್ತಿದ್ದಕ್ಕೆ ಅಡ್ಡಲಾದದ್ದು. ಕಲ್ಲಿನಲ್ಲಿ ಗರಿಷ್ಠ ಸ್ಪಂದನೆ ಆ ಸಾಮಾನ್ಯ ದಿಕ್ಕಿಗೇ ಬಂದು ನಿಲ್ಲುತ್ತದೆ.

ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಪಿರೆನೀಸ್ ಪರ್ವತದ ತಪ್ಪಲಿನಲ್ಲಿ, ಇಟಲಿಯ ಅಪೆನೈನ್ಸ್‌ನಲ್ಲಿ ಇಂಥ ಜೇಡಿಕಲ್ಲುಗಳನ್ನು ವಿವರವಾಗಿ ಅಳೆದಿದ್ದಾರೆ. ಹೊರಗಿನಿಂದ ನೋಡಿದರೆ ಒತ್ತಡದ ಯಾವ ಗುರುತೂ ಇಲ್ಲದ ಕಲ್ಲಿನಲ್ಲಿ, ಸುತ್ತಲಿನ ಬೆಟ್ಟದ ಮಡಿಕೆಗಳಿಗೆ ಸಮಾನಾಂತರವಾದ ಗರಿಷ್ಠ ದಿಕ್ಕು ಸಿಕ್ಕಿತು. ಪಕ್ಕದಿಂದ ಬಂದ ಒತ್ತಡ ಕಲ್ಲಿನ ಕಣಗಳನ್ನು ಆಗಲೇ ಮುಟ್ಟಿತ್ತು.

ಮುಂದಿನ ಪ್ರಶ್ನೆ ಕಾಲದ್ದು: ಒತ್ತಡ ಮಡಿಕೆಯ ಜೊತೆ ಬಂತೋ, ಮೊದಲೇ ಬಂತೋ? ಇದಕ್ಕೊಂದು ಜಾಣ ಪರೀಕ್ಷೆಯಿದೆ. ಈಗ ಓರೆಯಾಗಿ ನಿಂತಿರುವ ಪದರಗಳನ್ನು ಲೆಕ್ಕದಲ್ಲಿ ಮತ್ತೆ ಅಡ್ಡಡ್ಡವಾಗಿ ಮಲಗಿಸುತ್ತಾರೆ. ಮಡಿಕೆಯ ಎರಡೂ ಬದಿಯಲ್ಲಿ ಬೇರೆಬೇರೆ ದಿಕ್ಕು ತೋರಿಸುತ್ತಿದ್ದ ಅಳತೆಗಳು, ಹಾಗೆ ಮಲಗಿಸಿದಾಗ ಒಂದೇ ಕಡೆಗೆ ಬಂದು ಸೇರಿದರೆ, ಆ ಗುರುತು ಪದರ ಮಡಿಚುವ ಮೊದಲೇ ಮೂಡಿತ್ತು ಎಂದರ್ಥ. ಹಲವು ಕಡೆ ಹೀಗೇ ಆಗಿದೆ. ಒದ್ದೆ ಕಂಬಳಿಯನ್ನು ತಳ್ಳಿದರೆ ಮೊದಲು ಅದರ ಎಳೆಗಳು ಒಳಗೊಳಗೇ ಒತ್ತಿಕೊಳ್ಳುತ್ತವೆ, ಆಮೇಲೆ ಮಡಿಕೆ ಏಳುತ್ತದೆ. ಪರ್ವತದ ಬುಡದ ಬಂಡೆಗಳದೂ ಅದೇ ನಡೆ. ಮಡಿಕೆಗಳನ್ನು ಮಾತ್ರ ಬಿಡಿಸಿ ಅಳೆದು, ನೆಲ ಇಷ್ಟು ಕಿಲೋಮೀಟರ್ ಕುಗ್ಗಿದೆ ಎಂದು ಲೆಕ್ಕ ಹಾಕಿದರೆ ಮಡಿಕೆಗೆ ಮೊದಲಿನ ಈ ಕುಗ್ಗುವಿಕೆ ಲೆಕ್ಕದಿಂದ ತಪ್ಪಿಹೋಗುತ್ತದೆ.

ಒತ್ತಡ ಇನ್ನೂ ಹೆಚ್ಚಿದರೆ ಕಣಗಳು ಹಳೆಯ ಪದರವನ್ನು ಮರೆತು ಒತ್ತಡಕ್ಕೆ ಅಡ್ಡಲಾಗಿ ನಿಲ್ಲುತ್ತವೆ, ಕಲ್ಲು ಸ್ಲೇಟಿನಂತೆ ಹೊಸ ದಿಕ್ಕಿನಲ್ಲಿ ಸೀಳತೊಡಗುತ್ತದೆ. ಆಗ ಕನಿಷ್ಠ ದಿಕ್ಕೂ ಒತ್ತಡದ ಕಡೆಗೆ ತಿರುಗುತ್ತದೆ. ಅಷ್ಟು ಹೊತ್ತಿಗೆ ಕಣ್ಣಿಗೂ ಕಾಣತೊಡಗಿರುತ್ತದೆ ಬಿಡಿ.

ಅಳತೆ ಸರಿ, ಅರ್ಥ ತಪ್ಪು

1970ರ ದಶಕದಲ್ಲಿ ಒಂದು ದೊಡ್ಡ ಆಸೆ ಹುಟ್ಟಿತ್ತು. ವೇಲ್ಸ್ ಸ್ಲೇಟುಕಲ್ಲಿನ ಹಸಿರು ಚುಕ್ಕೆಗಳ ಆಕಾರಕ್ಕೂ ಅದೇ ಕಲ್ಲಿನ ಕಾಂತಸ್ಪಂದನೆಗೂ ಸಂಬಂಧ ಚೆನ್ನಾಗಿ ಹೊಂದಿತು. ಹಾಗಿದ್ದರೆ ಚುಕ್ಕೆಯಿಲ್ಲದ ಕಲ್ಲನ್ನೂ ಉಪಕರಣದೊಳಗೆ ಹಾಕಿ, ಇದನ್ನು ಶೇಕಡಾ ಇಷ್ಟು ಹಿಂಡಲಾಗಿದೆ ಎಂದು ಹೇಳಬಹುದಲ್ಲವೇ?

ಆಗುವುದಿಲ್ಲ. ಒಂದು ಊರಿನ ಒಂದು ಕಲ್ಲಿಗೆ ಹೊಂದಿದ ಸೂತ್ರ ಮತ್ತೊಂದು ಊರಿನ ಕಲ್ಲಿಗೆ ಹೊಂದುವುದಿಲ್ಲ, ಏಕೆಂದರೆ ಸ್ಪಂದನೆ ಯಾವ ಖನಿಜದಿಂದ ಬರುತ್ತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮ್ಯಾಗ್ನಟೈಟಿನ ಸ್ಪಂದನೆ ಅಭ್ರಕದ ಸ್ಪಂದನೆಗಿಂತ ಸಾವಿರಾರು ಪಟ್ಟು ಹೆಚ್ಚು. ಕಲ್ಲಿನ ಸಾವಿರ ಪಾಲಿನಲ್ಲಿ ಒಂದು ಪಾಲು ಮ್ಯಾಗ್ನಟೈಟ್ ಇದ್ದರೂ ಅಳತೆಯನ್ನು ಅದೇ ಆಳುತ್ತದೆ, ಉಳಿದ ಖನಿಜಗಳ ದನಿ ಕೇಳಿಸುವುದೇ ಇಲ್ಲ. ಒಂದೇ ಪ್ರಮಾಣದಲ್ಲಿ ಹಿಂಡಿದ ಎರಡು ಕಲ್ಲುಗಳಲ್ಲಿ ಒಂದರಲ್ಲಿ ಮ್ಯಾಗ್ನಟೈಟ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡು ಬೇರೆಬೇರೆ ಸಂಖ್ಯೆ ಬರುತ್ತದೆ. ಅಭ್ರಕವೊಂದೇ ಇರುವ ಕಲ್ಲಿನಲ್ಲಿ ಇನ್ನೊಂದು ತೊಡಕು. ಅಭ್ರಕದ ಒಂದು ಹರಳಿನಲ್ಲಿ ಗರಿಷ್ಠ ಮತ್ತು ಕನಿಷ್ಠಗಳ ಅಂತರ ಶೇಕಡಾ 30ರ ಆಸುಪಾಸು. ಎಲ್ಲ ಹಾಳೆಗಳೂ ಒಂದೇ ದಿಕ್ಕಿಗೆ ಮಲಗಿದ ಮೇಲೆ ಕಲ್ಲನ್ನು ಇನ್ನೆಷ್ಟು ಹಿಂಡಿದರೂ ಅಳತೆ ಅದಕ್ಕಿಂತ ಮೇಲೇರುವುದಿಲ್ಲ. ಇಪ್ಪತ್ತು ಕಿಲೋ ತನಕ ಮಾತ್ರ ಗುರುತಿರುವ ತಕ್ಕಡಿಯಲ್ಲಿ ಅಕ್ಕಿಮೂಟೆ ತೂಗಿದ ಹಾಗೆ.

ದಿಕ್ಕು ಕೂಡ ಒಮ್ಮೊಮ್ಮೆ ಮೋಸ ಮಾಡುತ್ತದೆ. ಮ್ಯಾಗ್ನಟೈಟ್ ಕಣ ಅತಿ ಚಿಕ್ಕದಾಗಿ, ಇಡೀ ಕಣ ಒಂದೇ ಅಯಸ್ಕಾಂತದಂತೆ ವರ್ತಿಸುವ ಮಟ್ಟಕ್ಕೆ ಇಳಿದರೆ, ಅದು ಉದ್ದದ ಕಡೆಗೆ ಆಗಲೇ ಪೂರ್ತಿ ಕಾಂತವಾಗಿರುತ್ತದೆ. ಹೊಸದಾಗಿ ಸ್ಪಂದಿಸಲು ಅದಕ್ಕೆ ಅವಕಾಶ ಇರುವುದು ಅಡ್ಡಡ್ಡಕ್ಕೆ ಮಾತ್ರ. ಹೀಗಾಗಿ ಗರಿಷ್ಠ, ಕನಿಷ್ಠಗಳು ಅದಲುಬದಲಾಗುತ್ತವೆ. ಇದನ್ನು ಗಮನಿಸದವರು ಉತ್ತರದಿಂದ ಬಂದ ಒತ್ತಡವನ್ನು ಪೂರ್ವದಿಂದ ಬಂತು ಎಂದು ಬರೆಯುವ ಅಪಾಯವಿದೆ.

ಮೂರನೆಯ ತಪ್ಪು ಇನ್ನೂ ಸೂಕ್ಷ್ಮ. ಅರ್ಧ ತೆರೆದ ಪುಸ್ತಕವೊಂದನ್ನು ಕಲ್ಪಿಸಿಕೊಳ್ಳಿ. ಎಡಪುಟದ ಕಡೆ ಒಂದಷ್ಟು ಕಣಗಳು ಮಲಗಿವೆ, ಅವು ಹಳೆಯ ಪದರದವು. ಬಲಪುಟದ ಕಡೆ ಇನ್ನಷ್ಟು, ಅವು ಆಮೇಲಿನ ಒತ್ತಡಕ್ಕೆ ತಿರುಗಿದವು. ಉಪಕರಣ ಇವನ್ನು ಬೇರೆಬೇರೆಯಾಗಿ ನೋಡಲಾರದು, ಎಲ್ಲವನ್ನೂ ಸೇರಿಸಿ ಒಂದೇ ಉತ್ತರ ಕೊಡುತ್ತದೆ. ಎರಡೂ ಪುಟಕ್ಕೆ ಸಾಮಾನ್ಯವಾದದ್ದು ಪುಸ್ತಕದ ಬೆನ್ನು, ಗರಿಷ್ಠ ದಿಕ್ಕು ಅಲ್ಲಿಗೆ ಬರುತ್ತದೆ. ಕಲ್ಲು ಆ ದಿಕ್ಕಿಗೆ ಹಿಗ್ಗಿದೆ ಎಂದು ಓದಿದರೆ ಪೂರ್ತಿ ತಪ್ಪು. ಆ ದಿಕ್ಕಿನಲ್ಲಿ ಯಾವುದೂ ಹಿಗ್ಗಿಲ್ಲ.

ಹೀಗಾಗಿ ಎಚ್ಚರಿಕೆಯ ಸಂಶೋಧಕರು ಅಳತೆಯ ಜೊತೆ ಇನ್ನಷ್ಟು ಕೆಲಸ ಮಾಡುತ್ತಾರೆ. ಕಲ್ಲಿನ ಪುಡಿಯನ್ನು ಕಾಯಿಸುತ್ತಾರೆ: 580 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಸ್ಪಂದನೆ ಕುಸಿದರೆ ಅದು ಮ್ಯಾಗ್ನಟೈಟ್, 320ರ ಹತ್ತಿರವಾದರೆ ಪಿರೋಟೈಟ್ ಎಂಬ ಕಬ್ಬಿಣ-ಗಂಧಕದ ಖನಿಜ. ತೆಳುವಾಗಿ ಉಜ್ಜಿದ ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇಷ್ಟು ಮಾಡದೆ ಬರೀ ದಿಕ್ಕುಗಳ ನಕ್ಷೆ ಕೊಡುವ ವರದಿಯನ್ನು ನಾವಂತೂ ಅನುಮಾನದಿಂದಲೇ ಓದುತ್ತೇವೆ.

ಹಿಮಾಲಯದಲ್ಲಿ, ಗದಗದಲ್ಲಿ

ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ಸಂಶೋಧಕರು ಈ ವಿಧಾನವನ್ನು ಹಿಮಾಲಯದ ಹಲವು ಬಂಡೆಗಳ ಮೇಲೆ ಬಳಸಿದ್ದಾರೆ. ಹಿಮಾಚಲ ಪ್ರದೇಶದ ಮಂಡಿ-ಕರ್ಸೋಗ್ ಸುತ್ತಿನ ಗ್ರಾನೈಟ್ ಅವುಗಳಲ್ಲಿ ಒಂದು. ಒಂದರ ಮೇಲೊಂದು ಜಾರಿ ಕೂತ ಬಂಡೆಗಳ ರಾಶಿಯಲ್ಲಿ, ಯಾವುದು ಯಾವ ಹಂತದಲ್ಲಿ ಬಾಗಿತು ಎಂದು ಬೇರ್ಪಡಿಸುವುದು ಇಲ್ಲಿನ ದೊಡ್ಡ ಸವಾಲು.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಕಲ್ಲಿನ ಕಾಂತಗುಣ ನೋಡಿ ಮುಂದಿನ ಭೂಕಂಪ ಯಾವಾಗ ಎಂದು ಹೇಳುತ್ತೇವೆ ಎನ್ನುವ ಸಂದೇಶ ನಿಮಗೆ ಬಂದರೆ ನಂಬಬೇಡಿ. ಎಎಂಎಸ್ ತೋರಿಸುವುದು ಲಕ್ಷಾಂತರ, ಕೋಟ್ಯಂತರ ವರ್ಷಗಳಲ್ಲಿ ಕೂಡಿಬಂದ ಬದಲಾವಣೆಯನ್ನು. ನಾಳೆ ಜಾರಲಿರುವ ಬಿರುಕಿನ ಸುದ್ದಿ ಅದಕ್ಕೆ ಗೊತ್ತಿರುವುದಿಲ್ಲ. ಬಂಡೆಗಳು ಎಲ್ಲಿ, ಯಾವ ದಿಕ್ಕಿಗೆ, ಯಾವ ಕ್ರಮದಲ್ಲಿ ಜರುಗಿದವು ಎಂಬ ಹಳೆಯ ಚರಿತ್ರೆಯನ್ನು ಸರಿಯಾಗಿ ಬರೆಯಲು ಅದು ನೆರವಾಗುತ್ತದೆ, ಅಷ್ಟೇ.

ಹಿಮಾಲಯಕ್ಕಿಂತ ಬಹಳ ಬಹಳ ಹಳೆಯ ಪರ್ವತಗಳ ಬೇರು ನಮ್ಮ ಕಾಲಡಿಯಲ್ಲೇ ಇದೆ. ಕರ್ನಾಟಕದ ಧಾರವಾಡ ಶಿಲಾಸಮೂಹಗಳು ಮಡಿಚಿ ಒತ್ತಿಸಿಕೊಂಡದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಮೇಲಿನ ಬೆಟ್ಟಗಳೆಲ್ಲ ಸವೆದುಹೋಗಿ ಈಗ ಉಳಿದಿರುವುದು ಅವುಗಳ ತಳಭಾಗ. ಚಿತ್ರದುರ್ಗದ ಕಡೆಯಿಂದ ಉತ್ತರಕ್ಕೆ ಹಬ್ಬಿದ ಈ ಪಟ್ಟಿ ಗದಗದ ಸುತ್ತ ಹಾಯುತ್ತದೆ, ಅಲ್ಲಿ ಕ್ವಾರ್ಟ್ಜ್ ಎಳೆಗಳಲ್ಲಿ ಚಿನ್ನವಿದೆ. ಬಿಸಿದ್ರವ ಬಂಡೆಯ ಬಿರುಕುಗಳಲ್ಲಿ ಹರಿದು, ಆರಿ, ಚಿನ್ನವನ್ನು ಬಿಟ್ಟುಹೋಗಿರುತ್ತದೆ. ಯಾವ ಬಿರುಕು ತೆರೆದುಕೊಳ್ಳಬೇಕು, ಯಾವುದು ಮುಚ್ಚಿಕೊಳ್ಳಬೇಕು ಎಂಬುದನ್ನು ನಿರ್ಧರಿಸುವುದು ಆ ಹೊತ್ತಿನ ಒತ್ತಡದ ದಿಕ್ಕು. ಹಾಗಾಗಿ ಬಂಡೆ ಮಡಿಚಿದ ಯಾವ ಹಂತದಲ್ಲಿ ಚಿನ್ನ ಬಂದು ಸೇರಿತು ಎಂಬ ಪ್ರಶ್ನೆಗೆ ಬರೀ ಕುತೂಹಲಕ್ಕಿಂತ ಹೆಚ್ಚಿನ ಬೆಲೆಯಿದೆ. ಖರಗ್‌ಪುರದ ಐಐಟಿಯ ಭೂವಿಜ್ಞಾನಿಗಳು ಗದಗದ ಬಂಡೆಗಳ ಕಾಂತಸ್ಪಂದನೆ ಅಳೆದದ್ದು ಈ ಪ್ರಶ್ನೆ ಇಟ್ಟುಕೊಂಡೇ. ಪದರ ಸ್ಪಷ್ಟವಾಗಿ ಕಾಣುವ ಬಂಡೆಗಳ ಜೊತೆಗೆ ಏನೂ ಕಾಣದ ಹಳೆಯ ಲಾವಾ ಬಂಡೆಗಳನ್ನೂ ಅವರು ಅಳೆದರು.

ರಸ್ತೆ ಬದಿಯ ಬಂಡೆಯಲ್ಲಿ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ, ಅಚ್ಚು ಹಾಕಿದಂತೆ ದುಂಡಗಿರುವ ನಾಲ್ಕಾರು ತೂತುಗಳು ಹತ್ತಿರಹತ್ತಿರ ಕಂಡರೆ ಒಮ್ಮೆ ನಿಂತು ನೋಡಿ. ಕಲ್ಲು ಸಿಡಿಸಲು ಕೊರೆದ ತೂತಾದರೆ ಆಳವಾಗಿರುತ್ತದೆ. ಗೇಣಿಗಿಂತ ಕಡಿಮೆ ಆಳವಿದ್ದು, ತಳದಲ್ಲಿ ಕಲ್ಲು ಮುರಿದ ಒರಟು ಗುರುತಿದ್ದರೆ, ಅಲ್ಲಿಂದ ಹೊರಟ ತುಂಡು ಬೆನ್ನ ಮೇಲೆ ಬಾಣದ ಗುರುತು ಹೊತ್ತು ಯಾವುದೋ ಪ್ರಯೋಗಾಲಯ ಸೇರಿರುವ ಸಾಧ್ಯತೆ ಹೆಚ್ಚು.